ಹವಳದ ತೊಟ್ಟಿಯಲ್ಲಿ ಕಲಹಗಾರ ಮೀನು: ಇರಿಸಿಕೊಳ್ಳುವುದೋ, ಕಳುಹಿಸುವುದೋ?

ಕಡಲಿನ ಉಪ್ಪುನೀರು, ಶಿಲೆ, ಹವಳ, ಮೀನು ಇವನ್ನೆಲ್ಲ ಗಾಜಿನ ಗೋಡೆಗಳ ನಡುವೆ ಕೂಡಿಸಿ ಸಾಕುವ ವಿದ್ಯೆಯಲ್ಲಿ, ನೀರಿನ ಶುದ್ಧಿ, ಬೆಳಕಿನ ಪ್ರಮಾಣ, ಲವಣದ ಸಾಂದ್ರತೆ ಮುಂತಾದ ಮೊದಲ ವರ್ಷದ ಚಿಂತೆಗಳು ಒಂದು ಹದಕ್ಕೆ ಬಂದ ಮೇಲೆ, ಯಾವ ಉಪಕರಣದಿಂದ ಅಳೆದರೂ ಉತ್ತರ ದೊರೆಯದ ಒಂದು ಪ್ರಶ್ನೆ ತೊಟ್ಟಿಯ ಒಡೆಯನನ್ನು ಕಾಡತೊಡಗುತ್ತದೆ. ಅಂಗಡಿಯಿಂದ ತಂದಾಗ ಹೆಬ್ಬೆರಳಿನಷ್ಟಿದ್ದು ಮನೆಮಂದಿಯ ಕಣ್ಣಿಗೆಲ್ಲ ಮುದ್ದಾಗಿ ಕಂಡ ಮೀನೊಂದು, ಕೆಲವು ತಿಂಗಳು ಕಳೆಯುವುದರೊಳಗೆ ತೊಟ್ಟಿಯ ಅರ್ಧಭಾಗದ ಮೇಲೆ ತನ್ನ ಒಡೆತನವನ್ನು ಸ್ಥಾಪಿಸಿಕೊಂಡು, ಆ ಗಡಿಯನ್ನು ದಾಟಿದ ಜೊತೆಗಾರರನ್ನು ಮೂಲೆಯಿಂದ ಮೂಲೆಗೆ ಅಟ್ಟಿ, ಅವುಗಳ ರೆಕ್ಕೆಗಳನ್ನು ಹರಿದು, ಆಹಾರದ ಹತ್ತಿರಕ್ಕೂ ಬರಗೊಡದೆ ಬಾಧಿಸುತ್ತದೆ. ಇಲ್ಲವೆ, ಬಹು ಶ್ರಮದಿಂದ ಬೆಳೆಸಿದ ಹವಳದ ಮೆತ್ತನೆಯ ಒಡಲನ್ನು ದಿನವೂ ಒಂದಿಷ್ಟು ಕಚ್ಚಿ ಕುಗ್ಗಿಸುತ್ತದೆ. ಇಂಥ ಮೀನನ್ನು ಇರಿಸಿಕೊಳ್ಳಬೇಕೆ, ಹೊರಗೆ ಕಳುಹಿಸಬೇಕೆ ಎಂಬುದೇ ಆ ಪ್ರಶ್ನೆ.

ಕೋಪದಲ್ಲಿ ಕೊಟ್ಟುಕೊಂಡ ಉತ್ತರವೂ ಮೋಹದಲ್ಲಿ ಕೊಟ್ಟುಕೊಂಡ ಉತ್ತರವೂ ಇಲ್ಲಿ ಸಮಾನವಾಗಿ ಹಾನಿಕರವಾದುವು. ಕೋಪಗೊಂಡವನು ಕಾರಣವನ್ನು ವಿಚಾರಿಸದೆ ಮೀನನ್ನು ಅಟ್ಟಿ, ಅದೇ ಕಾರಣ ಉಳಿದಿರುವ ತೊಟ್ಟಿಗೆ ಇನ್ನೊಂದನ್ನು ತಂದು ಬಿಡುತ್ತಾನೆ. ಮೋಹಗೊಂಡವನು, ಬಣ್ಣಕ್ಕೂ ಚುರುಕಿಗೂ ಮರುಳಾಗಿ, ಇಂದು ಸರಿಹೋದೀತು ನಾಳೆ ಸರಿಹೋದೀತು ಎಂದು ಕಾಯುತ್ತಿರುವಷ್ಟರಲ್ಲಿ ದುರ್ಬಲವಾದೊಂದು ಮೀನು ಪಂಪಿನ ಹಿಂದೆ ಸತ್ತು ಬಿದ್ದಿರುತ್ತದೆ. ಅಟ್ಟುವ ಮೀನನ್ನು ನೋಡಿ ನಿರ್ಧರಿಸುವುದನ್ನು ಬಿಟ್ಟು, ಅಟ್ಟಿಸಿಕೊಳ್ಳುವ ಮೀನನ್ನು ನೋಡಿ ನಿರ್ಧರಿಸಬೇಕೆಂಬುದು ನನ್ನ ಅಭಿಪ್ರಾಯ. ಮುಂದೆ ಹೇಳುವುದೆಲ್ಲ ಆ ಅಭಿಪ್ರಾಯವನ್ನೇ ಆಧಾರವಾಗಿಟ್ಟುಕೊಂಡದ್ದು.

ಹವಳದ ದಿಬ್ಬದ ಮೀನುಗಳು ಹೀಗೇಕೆ ಕಾದಾಡುತ್ತವೆ ಎಂಬುದನ್ನು ತಿಳಿಯದೆ ಯಾವ ನಿರ್ಣಯವೂ ನ್ಯಾಯವಾಗಲಾರದು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್ ಅವರು, ಆಕ್ರಮಣ ಪ್ರವೃತ್ತಿಯನ್ನು ಕುರಿತು 1963ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥವನ್ನು, ಫ್ಲಾರಿಡಾದ ಹವಳದ ದಿಬ್ಬಗಳ ಮೇಲೆ ಈಜುತ್ತ ತಾವು ಕಂಡ ದೃಶ್ಯಗಳಿಂದಲೇ ಆರಂಭಿಸಿದರು. ಭಿತ್ತಿಪತ್ರದಂತೆ ಢಾಳವಾದ ಬಣ್ಣಗಳುಳ್ಳ ಮೀನುಗಳು ಬೇರೆ ಜಾತಿಯವನ್ನು ಬಹುಮಟ್ಟಿಗೆ ಸಹಿಸಿಕೊಂಡರೂ ತಮ್ಮದೇ ಜಾತಿಯದನ್ನು ಕಂಡೊಡನೆ ಮೇಲೆರಗುವುದನ್ನು ಅವರು ಕಡಲಿನಲ್ಲಿಯೂ ತೊಟ್ಟಿಯಲ್ಲಿಯೂ ಗಮನಿಸಿ, ಒಂದೇ ಬಗೆಯ ಆಹಾರವನ್ನು ಬೇಡುವ ಸಜಾತೀಯರು ದಿಬ್ಬದ ಉದ್ದಗಲಕ್ಕೂ ಚೆದುರಿ ನೆಲೆಸುವಂತೆ ಮಾಡುವುದೇ ಈ ಹಗೆತನದ ಪ್ರಯೋಜನವೆಂದು ವಾದಿಸಿದರು. ಅನಂತರದ ವೀಕ್ಷಕರು ಈ ಚಿತ್ರವನ್ನು ಇನ್ನಷ್ಟು ವಿಸ್ತರಿಸಿದ್ದಾರೆ: ಆಹಾರವೋ ಬಿಲವೋ ಸ್ಪರ್ಧೆಗೆ ಒಳಗಾಗುವಲ್ಲಿ ಪರಜಾತಿಯ ಮೀನೂ ವೈರಿಯೇ. ಡ್ಯಾಮ್ಸೆಲ್ ಕುಲದ ಕೆಲವು ಮೀನುಗಳಂತೂ ತಮ್ಮ ತುಂಡುನೆಲದಲ್ಲಿ ತಮಗೆ ಬೇಕಾದ ಪಾಚಿಯನ್ನು ಬೆಳೆಸಿ, ಬೇಡವಾದ ಪಾಚಿಯನ್ನು ಕಿತ್ತು ಹೊರಗೆ ಹಾಕಿ, ಆ ಬೆಳೆಯನ್ನು ಮೇಯಲು ಬಂದ ತಮಗಿಂತ ಹತ್ತುಪಾಲು ದೊಡ್ಡ ಮೀನುಗಳ ಮೇಲೂ, ಮುಳುಗುಗಾರರ ಮೇಲೂ ನುಗ್ಗುತ್ತವೆ. ತನ್ನ ಹೊಲದ ಬೆಳೆಗೆ ನುಗ್ಗಿದ ದನವನ್ನು ಅಟ್ಟುವ ರೈತನಲ್ಲಿ ನಾವು ಹೇಗೆ ದೋಷವನ್ನು ಎಣಿಸುವುದಿಲ್ಲವೋ ಹಾಗೆಯೇ ಈ ಮೀನಿನಲ್ಲಿಯೂ ದೋಷವನ್ನು ಎಣಿಸಲಾಗದು.

ಹಾಗಾದರೆ ಕಡಲಿನಲ್ಲಿ ಅಪಾಯವಿಲ್ಲದ ಈ ಕಲಹ ತೊಟ್ಟಿಯಲ್ಲಿ ಮಾರಕವಾಗುವುದೇಕೆ? ದಿಬ್ಬದಲ್ಲಿ ಸೋತ ಮೀನು ಓಡಿಹೋಗುತ್ತದೆ. ಗಡಿ ದಾಟಿದೊಡನೆ ಅಟ್ಟಿದ ಮೀನು ಹಿಂದಿರುಗುತ್ತದೆ. ಇಡೀ ಪ್ರಕರಣ ಕೆಲವು ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಪಾಚಿ ಬೆಳೆಸುವ ಡ್ಯಾಮ್ಸೆಲ್ಲಿನ ಕ್ಷೇತ್ರ ಸಾಮಾನ್ಯವಾಗಿ ಒಂದು ಚದರ ಮೀಟರಿನ ಆಸುಪಾಸಿನದು. ನಮ್ಮ ಮನೆಗಳಲ್ಲಿ ದೊಡ್ಡದೆಂದೇ ಎಣಿಸುವ, ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ, ಸುಮಾರು 250 ಲೀಟರು ನೀರು ಹಿಡಿಯುವ ತೊಟ್ಟಿಯ ತಳದ ವಿಸ್ತಾರವಾದರೋ ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಎಂದಮೇಲೆ ಒಂದು ಅಂಗೈಯಗಲದ ಮೀನು ಸಹಜವಾಗಿ ತನ್ನದೆಂದು ಭಾವಿಸುವ ನೆಲದೊಳಗೆಯೇ ತೊಟ್ಟಿಯ ಉಳಿದ ನಿವಾಸಿಗಳೆಲ್ಲ ಹುಟ್ಟಾ ಅತಿಕ್ರಮಣಕಾರರಾಗಿ ಬದುಕಬೇಕಾಗುತ್ತದೆ. ಸೋತದ್ದಕ್ಕೆ ಹೋಗಲು ಎಡೆಯಿಲ್ಲ. ಗೆದ್ದದ್ದಕ್ಕೆ, ಎದುರಾಳಿ ಇನ್ನೂ ಕಣ್ಣೆದುರಿನಲ್ಲಿಯೇ ಇರುವುದರಿಂದ, ಗೆದ್ದೆನೆಂಬ ನಿಲುಗಡೆಯಿಲ್ಲ. ಕಲಹದ ಬೀಜ ಮೀನಿನ ಸ್ವಭಾವದಲ್ಲಿದ್ದರೂ ಅದು ಕೊಲೆಯಾಗಿ ಬೆಳೆಯುವುದು ನಾವು ಕಟ್ಟಿದ ಗಾಜಿನ ಗೋಡೆಯಿಂದ. ಆದಕಾರಣ ನಿರ್ಣಯದ ಹೊಣೆಯೂ ನಮ್ಮದೇ.

ಕೆಡುಕುಗಳೆಲ್ಲ ಒಂದೇ ಬಗೆಯವಲ್ಲ. ನೆಲಕ್ಕಾಗಿ ಮಾಡುವ ಕಲಹ ಒಂದು. ಇದು ಸಂದರ್ಭವನ್ನು ಬದಲಾಯಿಸಿದರೆ ತಗ್ಗಬಹುದಾದದ್ದು. ಹವಳವನ್ನೋ ಮೃದ್ವಂಗಿಗಳ ಹೊದಿಕೆಯನ್ನೋ ಕಚ್ಚುವುದು ಇನ್ನೊಂದು. ಇದು ಕೆಲವು ಜಾತಿಗಳಲ್ಲಿ ಹಸಿವೆಯ ಫಲ, ಕೆಲವು ಜಾತಿಗಳಲ್ಲಿ ಹುಟ್ಟುಗುಣ. ಬಾಯಿಗೆ ಹಿಡಿಸುವ ಚಿಕ್ಕ ಮೀನನ್ನೂ ಸಿಗಡಿಯನ್ನೂ ನುಂಗುವುದು ಮೂರನೆಯದು. ಇದನ್ನು ತಿದ್ದುವ ಮಾತೇ ಇಲ್ಲ. ಲಯನ್ ಮೀನು ಚಿಕ್ಕ ಕ್ರೋಮಿಸ್ ಮೀನನ್ನು ತಿಂದಿತೆಂದು ದೂರುವವರಿದ್ದಾರೆ. ಎರಡನ್ನೂ ಒಂದೆಡೆ ಬಿಟ್ಟ ದಿನವೇ ಆ ಫಲ ನಿಶ್ಚಯವಾಗಿತ್ತು. ಕಲ್ಲುಗಳನ್ನು ಉರುಳಿಸಿ ಅಂಟಿಸಿದ ಹವಳಗಳನ್ನು ಕೆಡಹುವ ಟ್ರಿಗ್ಗರ್ ಮೀನಿನ ಉಪದ್ರವವನ್ನು ಬೇಕಾದರೆ ನಾಲ್ಕನೆಯದಾಗಿ ಸೇರಿಸಿಕೊಳ್ಳಬಹುದು.

ಶಿಕ್ಷೆಗೆ ಮೊದಲು ಸಾಕ್ಷ್ಯ ಬೇಕು. ಎಷ್ಟೋ ವೇಳೆ ಹಗಲಿನಲ್ಲಿ ಕಣ್ಣಿಗೆ ಬೀಳುವ ಚುರುಕಾದ ಮೀನಿನ ತಲೆಗೆ, ಇರುಳಿನಲ್ಲಿ ಬೇರೆ ಯಾವುದೋ ಜೀವಿ ಮಾಡಿದ ಕೃತ್ಯ ಕಟ್ಟಲ್ಪಡುತ್ತದೆ. ಜೀವಂತ ಶಿಲೆಯೊಡನೆ ಅರಿವಿಲ್ಲದೆ ತೊಟ್ಟಿಯನ್ನು ಸೇರಿಕೊಂಡ ಮ್ಯಾಂಟಿಸ್ ಸಿಗಡಿಯಾಗಲಿ, ಕೂದಲು ತುಂಬಿದ ಏಡಿಯಾಗಲಿ, ದೀಪವಾರಿದ ಮೇಲೆ ಹೊರಬಂದು ಮಲಗಿದ ಮೀನುಗಳನ್ನು ಹಿಡಿಯುವುದುಂಟು. ಕಲ್ಲಿನ ಸಂದಿನಿಂದ ಆಗಾಗ ಕೇಳಿಬರುವ ಟಕ್ಕೆಂಬ ಸದ್ದು ಮ್ಯಾಂಟಿಸ್ ಸಿಗಡಿಯ ಇರವಿಗೆ ಒಂದು ಸೂಚನೆ, ಆದರೆ ನಿರಪಾಯಕಾರಿಯಾದ ಪಿಸ್ತೂಲು ಸಿಗಡಿಯೂ ಅಂಥದೇ ಸದ್ದನ್ನು ಮಾಡುವುದರಿಂದ ಅದೊಂದನ್ನೇ ನಂಬಲಾಗದು. ಕೆಂಪು ಕಾಗದ ಸುತ್ತಿದ ಟಾರ್ಚನ್ನು ಹಿಡಿದು ಇರುಳಿನಲ್ಲಿ ಕೆಲವು ಸಲ ತೊಟ್ಟಿಯನ್ನು ನೋಡಿದವರಿಗೆ ಈ ಸಂದೇಹ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಹಗಲಿನ ವೀಕ್ಷಣೆಯಾದರೋ ತೊಟ್ಟಿಯಿಂದ ದೂರದಲ್ಲಿ, ಕುರ್ಚಿಯೊಂದರಲ್ಲಿ ಅಲುಗದೆ ಕುಳಿತು ಮಾಡತಕ್ಕದ್ದು. ಒಡೆಯ ಗಾಜಿನ ಹತ್ತಿರ ಬಂದೊಡನೆ ಊಟ ಬಂತೆಂದು ತಿಳಿದು ಮೀನುಗಳೆಲ್ಲ ತಮ್ಮ ಸಹಜವಾದ ನಡವಳಿಕೆಯನ್ನು ಬಿಟ್ಟುಬಿಡುತ್ತವೆ.

ನೋಡಬೇಕಾದದ್ದಾದರೂ ಏನು? ಅಟ್ಟುವ ಮೀನು ದಿನಕ್ಕೆ ಎಷ್ಟು ಬಾರಿ ಅಟ್ಟಿತೆಂಬುದಕ್ಕಿಂತ, ಅಟ್ಟಿಸಿಕೊಂಡದ್ದು ಮರಳಿ ಹೊರಗೆ ಬರುತ್ತದೆಯೇ, ತಿನ್ನುತ್ತದೆಯೇ ಎಂಬುದು ಮುಖ್ಯ. ರೆಕ್ಕೆಯ ಅಂಚು ಸ್ವಲ್ಪ ಹರಿದಿದ್ದು ಊಟದ ಹೊತ್ತಿಗೆ ನಿರ್ಭಯವಾಗಿ ಬರುವ ಮೀನು ತಾಳಿಕೊಳ್ಳಬಲ್ಲುದು; ಶುದ್ಧವಾದ ನೀರಿನಲ್ಲಿ ಅಂಥ ಗಾಯಗಳು ಬೇಗ ಮಾಯುತ್ತವೆ. ಮೇಲ್ಮೈಯ ಒಂದು ಮೂಲೆಯಲ್ಲಿಯೋ ನೀರು ಹೊರಹೋಗುವ ಪೆಟ್ಟಿಗೆಯ ಬಳಿಯಲ್ಲಿಯೋ ತೂಗಾಡುತ್ತ, ಬಣ್ಣಗೆಟ್ಟು, ಕಿವಿರುಗಳನ್ನು ವೇಗವಾಗಿ ಬಡಿಯುತ್ತ, ಆಹಾರ ಮುಂದೆ ತೇಲಿಬಂದರೂ ಬಾಯಿ ಹಾಕದ ಮೀನು ಮಾತ್ರ ಸಾವಿನ ಹಾದಿಯನ್ನು ಹಿಡಿದಿದೆಯೆಂದೇ ತಿಳಿಯಬೇಕು. ಭಯ ಬಳಲಿಕೆಗಳಿಂದ ರೋಗನಿರೋಧ ಕುಗ್ಗಿದ ಮೀನಿಗೆ, ತೊಟ್ಟಿಯಲ್ಲಿ ಅಡಗಿದ್ದ ಬಿಳಿಚುಕ್ಕೆ ರೋಗ ಮೊದಲು ತಗಲಿ, ಅಲ್ಲಿಂದ ಇತರ ಮೀನುಗಳಿಗೂ ಹಬ್ಬಬಹುದು; ಹವಳಗಳಿರುವ ತೊಟ್ಟಿಯಲ್ಲಿ ತಾಮ್ರದ ಔಷಧವನ್ನು ಹಾಕುವಂತಿಲ್ಲ, ಹಾಕಿದರೆ ಹವಳವೂ ಸಿಗಡಿಯೂ ಸಾಯುತ್ತವೆ. ಆದುದರಿಂದ ಈ ಸ್ಥಿತಿಯನ್ನು ಕಂಡವನು ಕಾಯಕೂಡದು. ಆ ದಿನವೇ ದುರ್ಬಲನನ್ನೋ ಬಲಿಷ್ಠನನ್ನೋ, ಯಾವುದು ಕೈಗೆ ಸಿಕ್ಕಿದರೆ ಅದನ್ನು, ಬೇರ್ಪಡಿಸಿ, ಉಳಿದ ಆಲೋಚನೆಯನ್ನು ಅನಂತರ ಮಾಡಬೇಕು.

ಅಷ್ಟು ತುರ್ತಿಲ್ಲದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ನಮ್ಮದೇ ವ್ಯವಸ್ಥೆಯನ್ನು. ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಚಿಟಿಕೆ ಆಹಾರ ಹಾಕುವ ತೊಟ್ಟಿಯಲ್ಲಿ ಜಗಳವಾಗದಿದ್ದರೆ ಅದೇ ಆಶ್ಚರ್ಯ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಎರಡು ಮೂರು ಬಾರಿ, ತೊಟ್ಟಿಯ ಎರಡು ತುದಿಗಳಲ್ಲಿಯೂ ಹಾಕಿದರೆ ಒಂದೇ ಮೀನು ಎಲ್ಲವನ್ನೂ ಕಾವಲು ಕಾಯಲಾರದು. ಪಾಚಿ ಮೇಯುವ ಟ್ಯಾಂಗ್, ಮೊಲಮೀನು ಮೊದಲಾದವುಗಳಿಗೆ ನೋರಿ ಎಂಬ ಒಣಗಿದ ಕಡಲಪಾಚಿಯ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಹಗಲೆಲ್ಲ ಮೇಯಲು ಬಿಟ್ಟರೆ, ಹವಳವನ್ನು ಕುಕ್ಕುವ ಚಟ ಎಷ್ಟೋ ವೇಳೆ ತಾನಾಗಿಯೇ ನಿಲ್ಲುತ್ತದೆ. ಒಂದೇ ಗುಡ್ಡೆಯಾಗಿ ಪೇರಿಸಿದ ಕಲ್ಲುಗಳನ್ನು ಎರಡು ಮೂರು ದ್ವೀಪಗಳಾಗಿ ಒಡೆದು, ಒಂದರಿಂದ ಇನ್ನೊಂದು ಕಾಣದಂತೆ ಮರೆಗಳನ್ನು ಕಲ್ಪಿಸಿ, ಪ್ರತಿಯೊಂದು ಬಿಲಕ್ಕೂ ಎರಡು ಬಾಯಿಗಳಿರುವಂತೆ ಜೋಡಿಸಿದರೆ, ಅಟ್ಟಿಸಿಕೊಂಡ ಮೀನಿಗೆ ಒಳಹೊಕ್ಕು ಆಚೆ ಹೊರಡುವ ದಾರಿ ದೊರೆಯುತ್ತದೆ. ಹಳೆಯ ಗುರುತುಗಳೆಲ್ಲ ಅಳಿಸಿಹೋಗುವುದರಿಂದ ಬಲಿಷ್ಠವಾದ ಮೀನೂ ತನ್ನ ಕ್ಷೇತ್ರವನ್ನು ಮೊದಲಿನಿಂದ ಸ್ಥಾಪಿಸಿಕೊಳ್ಳಬೇಕಾಗುತ್ತದೆಂಬುದು ಈ ಉಪಾಯದ ಇನ್ನೊಂದು ಲಾಭ. ಹವಳಗಳು ಕಲ್ಲಿಗೆ ಅಂಟಿ ಬೆಳೆದಿರುವ ಹಳೆಯ ತೊಟ್ಟಿಯಲ್ಲಿ ಇದು ಸುಲಭಸಾಧ್ಯವಲ್ಲವೆಂಬುದನ್ನು ಬಲ್ಲೆ. ಅಂಥಲ್ಲಿ ಒಂದೆರಡು ಬಿಡಿಗಲ್ಲುಗಳನ್ನಾದರೂ ಸರಿಸಿ ನೋಡಬಹುದು.

ಇವೆಲ್ಲಕ್ಕಿಂತ ಹೆಚ್ಚು ಫಲಕಾರಿಯಾದ ಉಪಾಯ, ತಾತ್ಕಾಲಿಕವಾದ ಸೆರೆ. ಪಾರದರ್ಶಕವಾದ, ನೀರು ಓಡಾಡಲು ರಂಧ್ರಗಳುಳ್ಳ ಅಕ್ರಿಲಿಕ್ಕಿನ ಪೆಟ್ಟಿಗೆಯೊಂದನ್ನು ತೊಟ್ಟಿಯ ಒಳಗೋಡೆಗೆ ತೂಗುಹಾಕಿ, ಕಲಹಗಾರನನ್ನು ಒಂದು ವಾರದಿಂದ ಎರಡು ವಾರಗಳವರೆಗೆ ಅದರಲ್ಲಿರಿಸಿ, ಅಲ್ಲಿಯೇ ಆಹಾರವನ್ನು ಕೊಡುತ್ತಿರಬೇಕು. ಈ ಅವಧಿಯಲ್ಲಿ ಉಳಿದ ಮೀನುಗಳು ಹೊರಬಂದು ತಮತಮಗೆ ನೆಲೆಗಳನ್ನು ಹಿಡಿಯುತ್ತವೆ. ಬಿಡುಗಡೆಯಾದ ಮೀನು ಒಡೆಯನಾಗಿ ಹಿಂದಿರುಗದೆ ಹೊಸಬನಾಗಿ ಪ್ರವೇಶಿಸುತ್ತದೆ. ಹೊಸ ಮೀನನ್ನು ತರುವಾಗ ಇದೇ ಪೆಟ್ಟಿಗೆಯಲ್ಲಿ ಹೊಸದನ್ನಿಟ್ಟು ಹಳಬರಿಗೆ ಪರಿಚಯ ಮಾಡಿಸುವುದೂ ಒಳ್ಳೆಯದು. ಟ್ಯಾಂಗ್ ಜಾತಿಯವು ಹೊಸ ಟ್ಯಾಂಗ್ ಮೀನನ್ನು ಅಟ್ಟುವಾಗ, ಗಾಜಿನ ಹೊರಮೈಗೆ ಒಂದು ಕನ್ನಡಿಯನ್ನು ಅಂಟಿಸಿ, ತಮ್ಮದೇ ಪ್ರತಿಬಿಂಬದೊಡನೆ ಕೆಲವು ದಿನ ಕಾದಾಡಗೊಟ್ಟು, ಅಷ್ಟರಲ್ಲಿ ಹೊಸಬನಿಗೆ ಉಸಿರಾಡಲು ಬಿಡುವು ದೊರಕಿಸುವ ಪದ್ಧತಿಯೂ ಬಳಕೆಯಲ್ಲಿದೆ; ಆದರೆ ಕನ್ನಡಿಯನ್ನು ದಿನವೆಲ್ಲ ಇಟ್ಟು ಮೀನನ್ನು ದಣಿಸುವುದು ನನಗೆ ಒಪ್ಪಿಗೆಯಾದುದಲ್ಲ. ಬಿಡುಗಡೆಯಾದ ಮೇಲೂ ಅದೇ ಉಗ್ರತೆ ಮರುಕಳಿಸಿದರೆ ಇನ್ನೊಮ್ಮೆ ಸೆರೆ. ಎರಡನೆಯ ಬಾರಿಯೂ ಗುಣವಾಗದಿದ್ದರೆ ಆ ಮೀನು ಆ ತೊಟ್ಟಿಗೆ ತಕ್ಕುದಲ್ಲವೆಂದು ನಿಷ್ಕರ್ಷಿಸಬೇಕು.

ಜಾತಿಯನ್ನು ಹೆಸರಿಸದೆ ಹೇಳಿದ ಸಲಹೆ ಅರ್ಧ ಸಲಹೆಯಾದುದರಿಂದ, ಹೆಚ್ಚಾಗಿ ದೂರಿಗೆ ಪಾತ್ರವಾಗುವ ಕೆಲವನ್ನು ಇಲ್ಲಿ ವಿಚಾರಿಸುವುದು ಅವಶ್ಯ. ಕರಿಮೈಯಲ್ಲಿ ಮೂರು ಬಿಳಿಚುಕ್ಕೆಗಳುಳ್ಳ ಡಾಮಿನೋ ಡ್ಯಾಮ್ಸೆಲ್ ಮರಿಯಾಗಿದ್ದಾಗ ಅನಿಮೊನಿಯ ತೋಳುಗಳ ನಡುವೆ ಆಡುವ ಚೆಲುವಾದ ಮೀನು; ಅಗ್ಗದ ಬೆಲೆಗೆ ದೊರೆಯುತ್ತದೆ, ನೀರಿನ ಏರುಪೇರನ್ನು ತಡೆದುಕೊಳ್ಳುತ್ತದೆ ಎಂಬ ಕಾರಣಗಳಿಂದ ಹೊಸಬರ ಕೈಗೆ ಮೊದಲು ಬರುವುದೂ ಇದೇ. ಬೆಳೆದು ನಾಲ್ಕೈದು ಅಂಗುಲವಾದಾಗ ಚುಕ್ಕೆಗಳು ಮಾಸುತ್ತವೆ, ಸ್ವಭಾವ ಕಟುವಾಗುತ್ತದೆ, ತೊಟ್ಟಿಯಲ್ಲಿ ಮೊದಲು ನೆಲೆಸಿದ ಹಕ್ಕು ಬೇರೆ ಅದಕ್ಕೆ ಸೇರಿಕೊಂಡಿರುತ್ತದೆ. ನಾಲ್ಕು ಅಡಿಯ ಶಾಂತವಾದ ತೊಟ್ಟಿಯಲ್ಲಿ ಇದನ್ನು ಇರಿಸಿಕೊಳ್ಳಬಾರದೆಂದೇ ನನ್ನ ನಿರ್ಣಯ. ವಯಸ್ಸಿನೊಂದಿಗೆ ಇದು ಮೃದುವಾಗುವ ಆಸೆಯಿಲ್ಲ. ಇದೇ ಕುಲದ ಹಳದಿಬಾಲದ ನೀಲಿ ಡ್ಯಾಮ್ಸೆಲ್ ಬಹಳ ಮಟ್ಟಿಗೆ ಸೌಮ್ಯವಾದುದು. ಕುಲದ ಹೆಸರನ್ನು ಕೇಳಿಯೇ ಅದನ್ನು ಅಟ್ಟಬೇಕಾಗಿಲ್ಲ.

ನೇರಳೆಮಿಶ್ರಿತ ನೀಲಿಯ ಮೈಮೇಲೆ ಕಿತ್ತಳೆಬಣ್ಣದ ಆರು ಗೆರೆಗಳುಳ್ಳ, ಮೂರು ಅಂಗುಲವನ್ನು ಅಷ್ಟಾಗಿ ಮೀರದ ಸಿಕ್ಸ್‌ಲೈನ್ ವ್ರಾಸ್ ಎಂಬ ಮೀನಿನ ವಿಚಾರ ಇಷ್ಟು ಸುಲಭವಲ್ಲ. ಕಲ್ಲಿನ ಸಂದುಗೊಂದುಗಳಲ್ಲಿ ದಿನವಿಡೀ ಇಣುಕಿ, ಹವಳಕ್ಕೆ ಕಂಟಕವಾದ ಚಪ್ಪಟೆಹುಳುಗಳನ್ನೂ ಚಿಪ್ಪುಜೀವಿಗಳನ್ನು ಹೀರುವ ಸಣ್ಣ ಬಸವನಹುಳುಗಳನ್ನೂ ಹೆಕ್ಕಿ ತಿನ್ನುವ ಇದರ ಉಪಕಾರ ನಿಜವಾದದ್ದು. ಆದರೆ ತಾನು ನೆಲೆಸಿದ ಮೇಲೆ ಬಂದ ಸಾಧುಮೀನುಗಳನ್ನು, ಅದರಲ್ಲಿಯೂ ತನ್ನ ಆಕಾರದ ಇತರ ವ್ರಾಸ್‌ಗಳನ್ನು, ಬಿಡುವಿಲ್ಲದೆ ಪೀಡಿಸುವುದೂ ಅಷ್ಟೇ ನಿಜ. ಮೀನುಗಳ ಸಂಖ್ಯೆ ಪೂರ್ಣವಾಗಿ, ಇನ್ನು ಯಾವುದನ್ನೂ ತರುವುದಿಲ್ಲವೆಂದು ನಿಶ್ಚಯಿಸಿದ ತೊಟ್ಟಿಯಲ್ಲಿ ಕಡೆಯದಾಗಿ ಬಿಟ್ಟ ಸಿಕ್ಸ್‌ಲೈನ್ ಉತ್ತಮ ನಿವಾಸಿಯಾಗಿ ಬಾಳಬಹುದು. ಇನ್ನೂ ತುಂಬುತ್ತಿರುವ ತೊಟ್ಟಿಯಲ್ಲಿ ಅದರ ಉಪಕಾರಕ್ಕೆ ತೆರಬೇಕಾದ ಬೆಲೆ ಹೆಚ್ಚು. ಚಪ್ಪಟೆಹುಳುಗಳ ಉಪದ್ರವವೇ ಇಲ್ಲದ ತೊಟ್ಟಿಯಲ್ಲಿ ಉಪಕಾರದ ನೆಪವನ್ನು ಮುಂದೊಡ್ಡಿ ಅದನ್ನು ಉಳಿಸಿಕೊಳ್ಳುವುದು ಸರಿಯಲ್ಲ.

ಹಿಂದೂ ಮಹಾಸಾಗರದ ದಿಬ್ಬಗಳ ಅಲಂಕಾರವಾದ ಪೌಡರ್ ಬ್ಲೂ ಟ್ಯಾಂಗ್ ಬಾಲದ ಬುಡದಲ್ಲಿ ಶಸ್ತ್ರವೈದ್ಯನ ಕತ್ತಿಯಷ್ಟು ಹರಿತವಾದ ಮುಳ್ಳನ್ನು ಧರಿಸಿರುತ್ತದೆ. ಆರಡಿಗಿಂತ ಚಿಕ್ಕ ತೊಟ್ಟಿಯಲ್ಲಿ ಅದರ ಕಲಹವನ್ನು ಕುರಿತು ದೂರುವುದಕ್ಕೆ ಒಡೆಯನಿಗೆ ಅಧಿಕಾರವಿಲ್ಲ, ಈಜಲು ಎಡೆಯುಳ್ಳ ಕಡೆಗೆ ಅದನ್ನು ಕಳುಹಿಸುವುದೇ ಧರ್ಮ. ಜ್ವಾಲೆಯ ಬಣ್ಣದ ಫ್ಲೇಮ್ ಏಂಜೆಲ್ ಮೊದಲಾದ ಕಿರಿಯ ಏಂಜೆಲ್‌ಗಳಲ್ಲಿ ಒಂದು ಹವಳವನ್ನು ಮುಟ್ಟದೆ ವರ್ಷಗಟ್ಟಲೆ ಬಾಳುತ್ತದೆ, ಇನ್ನೊಂದು ಬಂದ ವಾರದಲ್ಲಿಯೇ ಕಚ್ಚತೊಡಗುತ್ತದೆ. ಜಾತಿಯಿಂದ ತೀರ್ಮಾನಿಸಲಾಗದ್ದರಿಂದ ಕಚ್ಚಿದ ಹವಳ ಮರುದಿನ ಅರಳುತ್ತದೆಯೋ ಇಲ್ಲವೋ ಎಂಬುದನ್ನೇ ಪ್ರಮಾಣವಾಗಿ ಹಿಡಿಯಬೇಕು. ಅಲ್ಲೊಂದು ಇಲ್ಲೊಂದು ಕುಕ್ಕಿದರೂ ಹವಳ ಎಂದಿನಂತೆ ಅರಳುತ್ತಿದ್ದರೆ ಮೀನು ಇರಲಿ. ಒಂದೇ ಹವಳ ವಾರವೆಲ್ಲ ಮುದುಡಿಕೊಂಡೇ ಇದ್ದು ಅಂಚಿನಲ್ಲಿ ಬಿಳಿಯ ಎಲುಬು ಕಾಣಿಸಿಕೊಂಡರೆ ಎರಡರಲ್ಲೊಂದನ್ನು ಬೇರ್ಪಡಿಸಲೇಬೇಕು. ಟ್ರಿಗ್ಗರ್‌ಗಳಲ್ಲಿ ಬಹುಪಾಲು ಹವಳದ ತೊಟ್ಟಿಗೆ ಸಲ್ಲವು. ಮಲ್ಪೆ, ಮಂಗಳೂರುಗಳ ಮೀನುಗಾರರು ಕಾರ್ಗಿಲ್ ಮೀನೆಂದು ಕರೆಯುವ, ಬಲೆಗೆ ರಾಶಿರಾಶಿಯಾಗಿ ಬೀಳುವ ಕೆಂಪುಹಲ್ಲಿನ ಟ್ರಿಗ್ಗರ್ ತೇಲುಜೀವಿಗಳನ್ನು ತಿನ್ನುವುದಾದ್ದರಿಂದ ತನ್ನ ಬಂಧುಗಳಿಗಿಂತ ಸೌಮ್ಯವಾದದ್ದು. ಆದರೂ ಸಿಗಡಿಗಳಿರುವಲ್ಲಿ ಅದನ್ನು ನಂಬಲಾಗದು.

ಕ್ಲೌನ್ ಮೀನುಗಳ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಇವುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಪ್ರೌಢವಾಗದೆ ಕಾದಿರುವ ಕಿರಿಯವು. ಹೆಣ್ಣು ಇಲ್ಲವಾದರೆ ಗಂಡು ಹೆಣ್ಣಾಗಿ ಮಾರ್ಪಡುತ್ತದೆ, ಕಿರಿಯವುಗಳಲ್ಲಿ ದೊಡ್ಡದು ಗಂಡಾಗುತ್ತದೆ ಎಂಬುದನ್ನು ಜರ್ಮನಿಯ ಫ್ರಿಕೆ ದಂಪತಿಗಳು 1977ರಲ್ಲಿ ಪ್ರಕಟಿಸಿದರು. ಈ ಶ್ರೇಣಿಯನ್ನು ಕಾಪಾಡುವುದೇ ಹೆಣ್ಣಿನ ಅಟ್ಟುವಿಕೆ. ಆದ್ದರಿಂದ ಅಟ್ಟುತ್ತದೆಂದು ಹೆಣ್ಣನ್ನು ತೆಗೆದುಹಾಕಿದರೆ, ಇಂದು ತಲೆತಗ್ಗಿಸಿಕೊಂಡಿರುವ ಗಂಡು ಕೆಲಕಾಲದಲ್ಲಿ ಅದೇ ಪಟ್ಟಕ್ಕೆ ಏರಿ ಅದೇ ದರ್ಪವನ್ನು ತೋರಿಸುತ್ತದೆ. ಒಡೆಯನಿಗೆ ದೊರೆತ ಶಾಂತಿ ಕ್ಷಣಿಕವಾಗುತ್ತದೆ. ಇಲ್ಲಿ ಸರಿಯಾದ ಪರಿಹಾರವೆಂದರೆ ಜೋಡಿಯನ್ನು ಉಳಿಸಿ ಹೆಚ್ಚಿನ ಕಿರಿಯವನ್ನು ಬೇರೆಡೆಗೆ ಕಳುಹಿಸುವುದು. ಮೆರೂನ್ ಕ್ಲೌನಿನ ದೊಡ್ಡ ಹೆಣ್ಣು ತೊಟ್ಟಿಯನ್ನು ಶುಚಿಗೊಳಿಸಲು ಇಳಿದ ಕೈಯನ್ನೂ ಕಚ್ಚುತ್ತದೆ. ಅನಿಮೊನಿಯನ್ನು ಕಾಯುವ ಆ ಕಚ್ಚುವಿಕೆ ಉದ್ದತೋಳಿನ ಕೈಗವಸಿನಿಂದ ತೀರಿಹೋಗುವ ತೊಂದರೆಯಾದುದರಿಂದ, ಅದಕ್ಕಾಗಿ ಅದನ್ನು ಹೊರಹಾಕುವುದು ಅನ್ಯಾಯ. ಇತರ ಮೀನುಗಳಲ್ಲಿಯೂ, ಅಗ್ರಸ್ಥಾನದಲ್ಲಿದ್ದದ್ದು ಹೋದೊಡನೆ ಎರಡನೆಯದು ಆ ಸ್ಥಾನಕ್ಕೆ ಏರುವ ಸಂಭವವನ್ನು ಮುಂಚಿತವಾಗಿಯೇ ಎಣಿಸಿರಬೇಕು.

ಕಳುಹಿಸುವುದೆಂದು ನಿರ್ಣಯಿಸಿದ ಮೇಲೆ ಹಿಡಿಯುವ ಕೆಲಸ ಉಳಿಯುತ್ತದೆ. ಹವಳಗಳಿಂದ ಕಿಕ್ಕಿರಿದ ತೊಟ್ಟಿಯಲ್ಲಿ ಒಂದು ಬಲೆಯನ್ನು ಹಿಡಿದು ಅಟ್ಟಾಡುವವನು ಹವಳವನ್ನು ಮುರಿಯುತ್ತಾನಲ್ಲದೆ ಮೀನನ್ನು ಹಿಡಿಯಲಾರನು. ಪಾರದರ್ಶಕವಾದ ಬೋನನ್ನು, ಅಥವಾ ಮೇಲ್ಭಾಗವನ್ನು ಕತ್ತರಿಸಿ ತಲೆಕೆಳಗಾಗಿ ಒಳಕ್ಕೆ ಸಿಕ್ಕಿಸಿದ ನೀರಿನ ಬಾಟಲಿಯನ್ನು, ತೊಟ್ಟಿಯಲ್ಲಿರಿಸಿ, ಕೆಲವು ದಿನ ಆಹಾರವನ್ನು ಅದರೊಳಗೆ ಮಾತ್ರ ಹಾಕುತ್ತ ಮೀನಿಗೆ ರೂಢಿ ಮಾಡಿಸಿದರೆ, ಎಲ್ಲರಿಗಿಂತ ಮುಂದಾಗಿ ನುಗ್ಗುವ ಕಲಹಗಾರನೇ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುತ್ತಾನೆ. ದೀಪವಾರಿ ಒಂದೆರಡು ಗಂಟೆಗಳಾದ ಮೇಲೆ ಹಠಾತ್ತಾಗಿ ಬೆಳಕು ಬಿಟ್ಟು, ನಿದ್ದೆಗಣ್ಣಿನ ಡ್ಯಾಮ್ಸೆಲ್ಲನ್ನು ಎರಡು ಬಲೆಗಳ ನಡುವೆ ಹಿಡಿಯುವುದೂ ಸಾಧ್ಯ. ಟ್ಯಾಂಗಿನ ಬಾಲದ ಮುಳ್ಳು ಬಲೆಯ ಎಳೆಗಳಿಗೆ ಸಿಕ್ಕಿಕೊಳ್ಳುವುದರಿಂದ ಅದನ್ನು ಡಬ್ಬಿಯಲ್ಲಿ ನೀರಿನೊಡನೆಯೇ ಎತ್ತಬೇಕು. ಲಯನ್ ಮೀನಿನ, ಮೊಲಮೀನಿನ ಬೆನ್ನಮುಳ್ಳುಗಳಲ್ಲಿ ವಿಷವುಂಟೆಂಬುದನ್ನು ಮರೆಯಲಾಗದು. ಚುಚ್ಚಿದರೆ, ತಾಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಮುಳುಗಿಸಿಕೊಂಡು ವೈದ್ಯರಲ್ಲಿಗೆ ಹೋಗಬೇಕು.

ಹಿಡಿದ ಮೀನಿಗೆ ಮೊದಲು ಇನ್ನೊಂದು ಯೋಗ್ಯವಾದ ತೊಟ್ಟಿಯನ್ನು ಹುಡುಕಬೇಕು. ದೊಡ್ಡ ತೊಟ್ಟಿಯುಳ್ಳ ಹವ್ಯಾಸಿಗೆ, ಅಥವಾ ಮರಳಿ ತೆಗೆದುಕೊಳ್ಳುವ ಅಂಗಡಿಗೆ, ಅದರ ಗುಣವನ್ನು ಮುಚ್ಚಿಡದೆ ಹೇಳಿ ಒಪ್ಪಿಸಬೇಕು. ಸ್ವಭಾವವನ್ನು ಮರೆಮಾಚಿ ದಾಟಿಸುವುದು ಇನ್ನೊಬ್ಬರ ಸಾಧುಮೀನುಗಳ ಸಾವಿಗೆ ಕಾರಣವಾಗುವ ಕೆಲಸ. ಇದ್ಯಾವುದೂ ಒದಗುವವರೆಗೆ ಶೋಧಕವೂ ಹೀಟರೂ ಇರುವ ಚಿಕ್ಕದೊಂದು ಪ್ರತ್ಯೇಕ ತೊಟ್ಟಿಯಾಗಲಿ, ಮುಖ್ಯ ತೊಟ್ಟಿಯ ಕೆಳಗಿನ ಸಂಪಿನ ಪಾಚಿಯ ಅಂಕಣವಾಗಲಿ ಅದಕ್ಕೆ ಆಶ್ರಯವಾಗಬಹುದು. ಇಂಥ ಪ್ರತ್ಯೇಕ ತೊಟ್ಟಿಯಿಲ್ಲದೆ ಹವಳದ ತೊಟ್ಟಿಯನ್ನು ಆರಂಭಿಸಲೇಬಾರದೆಂದು ನಾನು ಭಾವಿಸುತ್ತೇನೆ.

ಮಾಡಲೇಬಾರದ ಒಂದು ಕಾರ್ಯವುಂಟು. ಕರಾವಳಿಯ ವಾಸಿಗಳಿಗೆ, ಕಡಲಿನಿಂದ ಬಂದದ್ದು ಕಡಲಿಗೇ ಹೋಗಲೆಂಬ ಸದ್ಭಾವನೆ ಸಹಜವಾಗಿ ಮೂಡಬಹುದು, ಅದಕ್ಕೆ ವಶವಾಗಕೂಡದು. ಹಿಂದೂ ಮತ್ತು ಶಾಂತ ಮಹಾಸಾಗರಗಳ ನಿವಾಸಿಯಾದ ಲಯನ್ ಮೀನು ಫ್ಲಾರಿಡಾದ ಕರಾವಳಿಯಲ್ಲಿ ಮೊದಲು ಕಾಣಿಸಿಕೊಂಡದ್ದು 1985ರಲ್ಲಿ. ಸಾಕಿದವರು ಹೊರಗೆ ಬಿಟ್ಟವುಗಳಿಂದಲೇ ಈ ಪಿಡುಗು ಹುಟ್ಟಿತೆಂದು ತಜ್ಞರು ನಂಬುತ್ತಾರೆ. ಇಂದು ಅದು ಅಮೆರಿಕದ ಪೂರ್ವ ಕರಾವಳಿ, ಬಹಾಮಾಸ್, ಕೆರಿಬಿಯನ್ ಸಮುದ್ರ, ಮೆಕ್ಸಿಕೋ ಕೊಲ್ಲಿಗಳನ್ನೆಲ್ಲ ವ್ಯಾಪಿಸಿ, ಅಲ್ಲಿಯ ದಿಬ್ಬಗಳ ಮರಿಮೀನುಗಳನ್ನು ನುಂಗಿ ಹಾಕುತ್ತಿದೆ. ಮೊನಾಕೋದ ಸಾಗರ ವಸ್ತುಸಂಗ್ರಹಾಲಯದ ಬಳಿ 1984ರಲ್ಲಿ ಕಾಣಿಸಿಕೊಂಡ ಕಾಲರ್ಪಾ ಎಂಬ ತೊಟ್ಟಿಯ ಪಾಚಿ ಮೆಡಿಟರೇನಿಯನ್ ಸಮುದ್ರತಳದಲ್ಲಿ ಹಬ್ಬಿದ ಕಥೆಯೂ ಇಂಥದೇ. ನಮ್ಮ ಕರಾವಳಿಯ ನೇತ್ರಾಣಿ ದ್ವೀಪದ ಸುತ್ತಣ ನೀರಿನಲ್ಲಿ ನಮ್ಮ ತೊಟ್ಟಿಯದೇ ಜಾತಿಯ ಮೀನು ಇದ್ದರೂ, ದೂರದ ಸಮುದ್ರಗಳ ಜೀವಿಗಳೊಡನೆ ಬಾಳಿ ಅವುಗಳ ರೋಗಗಳನ್ನು ಹೊತ್ತಿರಬಹುದಾದ ಮೀನನ್ನು ಅಲ್ಲಿ ಬಿಡುವುದು ಅಪಾಯಕರವೇ ಸರಿ.

ತೆಗೆದ ಮೀನಿನ ಜಾಗಕ್ಕೆ ಆ ವಾರವೇ ಹೊಸದೊಂದನ್ನು ತರಬೇಡಿ. ಅಡಗಿದ್ದವು ಹೊರಬಂದು, ತಿಂದು, ರೆಕ್ಕೆಗಳು ಮಾಯ್ದು, ಯಾವುದು ಎಲ್ಲಿ ನೆಲೆಸುತ್ತದೆಂಬುದು ಕಾಣಿಸಿಕೊಳ್ಳಲು ಒಂದು ತಿಂಗಳಾದರೂ ಬೇಕು. ನಮ್ಮ ದೇಶದ ಓದುಗರು ಇನ್ನೊಂದನ್ನು ತಿಳಿದಿರಬೇಕು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಕಡಲಬೀಸಣಿಗೆಗಳನ್ನೂ ಕಡಲಕುದುರೆಗಳನ್ನೂ ಸೇರಿಸಲಾಯಿತು, ಇವನ್ನು ಕಡಲಿನಿಂದ ಕಿತ್ತು ತಂದು ಮಾರುವುದೂ ಕೊಳ್ಳುವುದೂ ಅಪರಾಧ. ಮೀನನ್ನು ಕೊಳ್ಳುವ ಮೊದಲು, ಅದು ಬೆಳೆದರೆ ಎಷ್ಟಾಗುತ್ತದೆ, ಏನನ್ನು ತಿನ್ನುತ್ತದೆ, ತನ್ನ ಜಾತಿಯದನ್ನು ಸಹಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಅಂಗಡಿಯವರಲ್ಲಿಯೂ ಅನುಭವಿಗಳಲ್ಲಿಯೂ ಕೇಳಿ, ಸಾಧುವಾದವನ್ನು ಮೊದಲು, ಉಗ್ರವಾದವನ್ನು ಕಡೆಗೆ ತರುವ ಕ್ರಮವನ್ನು ಬರೆದಿಟ್ಟುಕೊಂಡು, ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಬರಿಗೈಯಲ್ಲಿ ಮನೆಗೆ ಹಿಂದಿರುಗಬೇಕೆಂದು ಈ ಹವ್ಯಾಸದಲ್ಲಿ ಆಸಕ್ತರಾದ ಎಲ್ಲರಲ್ಲಿಯೂ ನನ್ನ ವಿನಂತಿ.